ಪೂಜೆಗೆ ಕೂತ ಲ್ಯಾಪ್‌ಟಾಪ್

ಇದು ಹೋದ ವರ್ಷ ಆಯುಧ ಪೂಜೆಯ ದಿನ ಮಧ್ಯಾಹ್ನ ನಡೆದದ್ದು. ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಶಹಾಪುರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೇನೆ. ಲ್ಯಾಪ್‌ಟಾಪ್ ಶುರುವಾಗದಿರಲು ಕಾರಣಗಳು ಕೆಲವೇ. ಅದಕ್ಕೆ ಜನ ಹೇಳುವ ಕಾರಣಗಳು ಮಾತ್ರ ಮುಗಿಯುವುದಿಲ್ಲ. ವಾರಕ್ಕೊಂದಾದರೂ ಹೊಸದು ಬರುತ್ತದೆ.

೧. ಇನ್ನೊಂದು ಕಾಪಿ

ಅಂಗಡಿಯ ಪೂಜೆ ಮುಗಿದು ಎಲ್ಲರೂ ಚುರುಮುರಿ ತಿನ್ನುತ್ತಿದ್ದೆವು. ದೇವಾಪುರದಿಂದ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಬಂದಳು. ಲ್ಯಾಪ್‌ಟಾಪ್ ಶುರುವಾಗುತ್ತಿಲ್ಲ. ಪ್ರಾಜೆಕ್ಟ್ ವರದಿಯನ್ನು ಸಂಜೆ ಐದರೊಳಗೆ ಗೈಡ್‌ಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳು ಕಾಯಬೇಕು.

"ಇನ್ನೊಂದು ಕಾಪಿ ಇಟ್ಟಿಲ್ಲೇನ್ರಿ?" ಎಂದೆ.

"ಇಟ್ಟೀನ್ರಿ ಅಣ್ಣಾರ."

"ಎಲ್ಲಿ?"

"ಇದರಾಗನ. ಬ್ಯಾರೆ ಫೋಲ್ಡರ್‌ನ್ಯಾಗ."

೨. ಲ್ಯಾಪ್‌ಟಾಪಿನ ಬುದ್ಧಿ

ಚಾರ್ಜರ್ ಬದಲಿಸಿದೆ. ಹೊರಗಿನ ಪರದೆ ಜೋಡಿಸಿದೆ. ದೀಪ ಹತ್ತುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಸ್ವಲ್ಪ ಹೊತ್ತಿಗೆ ಎಲ್ಲ ಆರುತ್ತಿತ್ತು. ಎಷ್ಟು ಸಲ ನೋಡಿದರೂ ಅಷ್ಟೇ.

"ಯಾವಾಗಿಂದ ಹಿಂಗ?"

"ಮುಂಜಾನಿಂದ್ರಿ."

"ಮುಂಜಾನಿ ಏನಾತು?"

ಮಗಳು ತಾಯಿಯನ್ನು ನೋಡಿದಳು. ತಾಯಿ ಚುರುಮುರಿ ನೋಡಿದಳು.

"ಏನೂ ಆಗಿಲ್ಲಪ. ಪೂಜಿ ಆಗ್ಯದ," ಎಂದಳು ತಾಯಿ. "ಪೂಜಿಗೆ ಕುಂತದ್ದು ನಾಳಿ ತನಕ ಏಳಬಾರದು. ಅದು ಸರಿನೇ ಅದ. ಈಕಿನೇ ಕೇಳವಲ್ಲಳು."

ಮೂಲೆಯಲ್ಲಿ ಕೂತಿದ್ದ ನಮ್ಮ ಮಾಲಕರ ತಾಯಿ ತಲೆದೂಗಿದರು. "ಅದಕ್ಕಿದ್ದ ಬುದ್ಧಿ ಮಂದಿಗಿಲ್ಲ ನೋಡವ್ವ."

ಈ ವಾದ ತಪ್ಪೆಂದು ತೋರಿಸಲು ಯಂತ್ರ ಬಿಚ್ಚಬೇಕಿತ್ತು. ಬಿಚ್ಚಲು ಸ್ಕ್ರೂಡ್ರೈವರ್, ಅಂದರೆ ನಮ್ಮ ಕಡೆಯ ಪೇಚ್‌ಕಸ್, ಬೇಕಿತ್ತು.

೩. ಪೇಚ್‌ಕಸ್ ಇದ್ದ ಜಾಗ

ಅಂಗಡಿಯ ಪೇಚ್‌ಕಸ್‌ಗಳೆಲ್ಲ ದೇವರ ಫೋಟೊ ಮುಂದೆ ಹೂವು ಮುಡಿದು ಮಲಗಿದ್ದವು. ಮರುದಿನ ಆರತಿ ಮಾಡಿ ಎತ್ತುವ ತನಕ ಮುಟ್ಟುವಂತಿಲ್ಲ. ಮಾಲಕರ ತಾಯಿ ಕೂತಿದ್ದೇ ಅದಕ್ಕೆ.

"ಯವ್ವಾ, ಒಂದ ಪೇಚ್‌ಕಸ್."

"ನಾಳಿ."

"ಪಾಪ, ಈಕಿದು ಆರು ತಿಂಗಳು ಹೋಗ್ತಾವ."

"ಕೈ ಜಾರಿ ನಿನ್ನ ಕಣ್ಣು ಹೋದ್ರ?"

ಮಾಲಕರ ಕಡೆ ನೋಡಿದೆ. ಅವರು ಮೊಬೈಲ್‌ನಲ್ಲಿ ಏನನ್ನೋ ಬಹಳ ಗಮನವಿಟ್ಟು ಓದುತ್ತಿದ್ದರು. ಮೊಬೈಲ್ ಆರಿತ್ತು.

ಬಜಾರಿಗೆ ಹೋದೆ. ಸೈಕಲ್ ಅಂಗಡಿಯ ಸಾಮಾನು ಪೂಜೆಯಲ್ಲಿತ್ತು. ಅಕ್ಕಸಾಲಿಗನ ಸಾಮಾನೂ ಪೂಜೆಯಲ್ಲಿತ್ತು. ಉಳಿದದ್ದು ಗಡಿಯಾರ ರಿಪೇರಿಯ ಚಾಚಾ. ಅವರ ಮನೆಯಲ್ಲಿ ಆಯುಧ ಪೂಜೆ ಇಲ್ಲ. ಆ ಧೈರ್ಯದಿಂದಲೇ ಕೇಳಿದೆ.

"ನನ್ನ ಪೇಚ್‌ಕಸ್ ಡಬ್ಬಿ ನಿಮ್ಮ ಮಾಲಕರ ಅಮ್ಮ ಮುಂಜಾನಿನೇ ಪೂಜಿಗಿ ಒಯ್ದಾಳ," ಎಂದರು ಚಾಚಾ. "ಪ್ರತಿ ವರ್ಷ ಒಯ್ತಾಳ. ನಿಮ್ಮ ಸಾಮಾನಿನ ಬಾಜೂಕೇ ಇರತದ. ಇವತ್ತು ನೀ ನೋಡಿಲ್ಲೇನು?"

೪. ಹಣೆ

ವಾಪಸ್ ಬಂದಾಗ ನಾಲ್ಕು ದಾಟಿತ್ತು. ಹುಡುಗಿ ಅಳುತ್ತಿದ್ದಳು. ತಾಯಿ ಅವಳ ಬೆನ್ನು ಸವರುತ್ತಿದ್ದಳು, ಆದರೆ ಅಭಿಪ್ರಾಯ ಬದಲಿಸಿರಲಿಲ್ಲ.

ಒಳಗೆ ನೋಡಲಾಗದ್ದರಿಂದ ಹೊರಗೆ ಸರಿಯಾಗಿ ನೋಡಿದೆ. ಪವರ್ ಗುಂಡಿ ಒಳಗೇ ಸಿಕ್ಕಿಕೊಂಡಿತ್ತು. ಗುಂಡಿಯನ್ನು ಒತ್ತಿ ಹಿಡಿದರೆ ಯಂತ್ರ ತಾನೇ ಆರುತ್ತದೆ. ಯಾರೂ ಒತ್ತದೆ ಅದು ಒತ್ತಿಕೊಂಡೇ ಇತ್ತು. ಸುತ್ತಲಿನ ಸಂದಿನಲ್ಲಿ ಸಣ್ಣ ಕೆಂಪು ಗೆರೆ.

"ಕುಂಕುಮ ಎಲ್ಲಿ ಹಚ್ಚಿದ್ರಿ?" ಎಂದೆ.

"ಹಣಿಗಿ," ಎಂದಳು ತಾಯಿ. "ಅದರಾಗ ಗುಂಡಗ ಇದ್ದ ಜಾಗ ಅದೊಂದೇ."

"ಮಂದಿ ನೋಡ್ಯಾರಂತ ಬಸ್ಸಿನ್ಯಾಗ ನಾನೇ ಒರೆಸೀನ್ರಿ," ಎಂದಳು ಮಗಳು.

ನೀರಲ್ಲಿ ಕಲಸಿದ ಕುಂಕುಮ ಸಂದಿನೊಳಗೆ ಇಳಿದು ಒಣಗಿತ್ತು. ಕೆರೆಯಲು ಚೂಪಾದ ಮೊನೆ ಬೇಕಿತ್ತು. ತಾಯಿ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ಎಲ್ಲರೂ ಮಾಲಕರ ತಾಯಿಯನ್ನು ನೋಡಿದೆವು. ಅವರು ಪಿನ್ನು ಇಸಿದುಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು.

"ಇದಕ್ಕ ಪೂಜಿ ಆಗಿಲ್ಲ. ಕೆರಿ."

ಕೆರೆದೆ. ಗುಂಡಿ ಮೇಲೆ ಬಂತು. ಲ್ಯಾಪ್‌ಟಾಪ್ ಶುರುವಾಯಿತು. ಐದಕ್ಕೆ ಹತ್ತು ನಿಮಿಷ ಇರುವಾಗ ವರದಿ ಹೋಯಿತು. ಹುಡುಗಿ ಕಣ್ಣೊರೆಸಿಕೊಂಡಳು. ತಾಯಿ ಲ್ಯಾಪ್‌ಟಾಪಿಗೆ ಕೈಮುಗಿದು ನನ್ನ ಕಡೆ ತಿರುಗಿದಳು.

"ಪಿನ್ನು ಕೊಡಪ."

೫. ಗೈಡ್

ಅವರಿನ್ನೂ ಮೆಟ್ಟಿಲು ಇಳಿದಿರಲಿಲ್ಲ, ಹುಡುಗಿಯ ಮೊಬೈಲಿಗೆ ಗೈಡ್‌ನ ಉತ್ತರ ಬಂತು. "ವರದಿ ತಲುಪಿದೆ. ನನ್ನ ಲ್ಯಾಪ್‌ಟಾಪ್ ಪೂಜೆಗೆ ಕೂತಿದೆ. ನಾಳೆ ಓದುತ್ತೇನೆ."

ತಾಯಿ ಅದನ್ನು ಇನ್ನೊಮ್ಮೆ ಓದಿಸಿಕೊಂಡಳು. "ಇವರು ನೋಡು, ಓದಿದವರು," ಎಂದಳು.

ಮರುದಿನ ಬೆಳಿಗ್ಗೆ ಆರತಿಯಾಗಿ ಸಾಮಾನು ಎತ್ತಿದೆವು. ಮೊದಲು ಬಂದವರು ಕನ್ನಡಕ ಹಾಕಿದ ಹಿರಿಯರು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರು.

"ಶುರು ಆಗವಲ್ದು. ಜಲ್ದಿ ನೋಡ್ರಿ. ದೇವಾಪುರದ ಹುಡುಗಿದೊಂದು ವರದಿ ಓದೋದದ."

ಎಲ್ಲ ಪೇಚ್‌ಕಸ್‌ಗಳೂ ಕೈಗೆ ಬಂದಿದ್ದವು. ನಾನು ಪಿನ್ನು ಹುಡುಕಿದೆ.

ಆ ದಿನ ಸಂಜೆಯೊಳಗೆ ಬಿಡಿಸಿದ ಗುಂಡಿಗಳು ಏಳು.