ಕಾಕಾನ ಯುದ್ಧದಲ್ಲಿ ಯಾರೂ ಸಾಯುವುದಿಲ್ಲ

ಹಿಂದಿನ ಮಹಾಯುದ್ಧದಲ್ಲಿ ಒಬ್ಬ ಸಿಪಾಯಿಯೂ ಸತ್ತಿಲ್ಲ! ಕೆಲವರು ರಜೆ ಹಾಕಿ ಊರಿಗೆ ಹೋದರು, ಕೆಲವರು ದಣಿವಾಗಿ ಸ್ವಲ್ಪ ಅಡ್ಡಾದರು, ಅಷ್ಟೆ. ಇದನ್ನು ನಂಬುವ ಜನ ಹುಬ್ಬಳ್ಳಿಯಲ್ಲಿ ಇನ್ನೂ ಒಂದಿಷ್ಟು ಉಳಿದಿದ್ದಾರೆ. ಅವರನ್ನು ಹುಚ್ಚರೆಂದು ತಿಳಿಯಬೇಡಿ. ಅವರು ನಮ್ಮ ಕಾಕಾನ ಬಾಯಿಂದ ಯುದ್ಧದ ಸಿನೆಮಾ ನೋಡಿದವರು.

ಬಾಯಿಂದ ಸಿನೆಮಾ ನೋಡುವುದೆಂದರೇನು ಎಂದು ಈಗಿನ ಹುಡುಗರು ಕೇಳಬಹುದು. ಆಗ ಚಿತ್ರಗಳಿಗೆ ಮಾತು ಬಂದಿರಲಿಲ್ಲ. ತೆರೆಯ ಮೇಲಿನವರು ಬರೀ ತುಟಿ ಆಡಿಸುತ್ತಿದ್ದರು. ನಡುನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು ಬರಹ ಮೂಡುತ್ತಿತ್ತು. ಅದನ್ನು ಓದಬಲ್ಲವರು ಇಡೀ ಥೇಟರಿನಲ್ಲಿ ಇಬ್ಬರೋ ಮೂವರೋ. ಆದ್ದರಿಂದ ಒಬ್ಬ ಮನುಷ್ಯ ತೆರೆಯ ಪಕ್ಕದಲ್ಲಿ ಜನರ ಕಡೆ ಮುಖ ಮಾಡಿ ನಿಂತು, ಕೈಯಲ್ಲೊಂದು ಬೆತ್ತ ಹಿಡಿದು, ಕಥೆಯನ್ನು ಕೂಗಿ ಹೇಳಬೇಕು. ನಮ್ಮಲ್ಲಿ ಆ ಮನುಷ್ಯ ನಮ್ಮ ಕಾಕಾ.

ಥೇಟರು ಎಂದೆನಲ್ಲ, ಅದು ಬರೀ ಗೌರವಕ್ಕೆ. ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಗೋದಾಮು ಅದು. ಹತ್ತಿ ಅಂಡಿಗೆಗಳನ್ನು ಹೊರಗೆ ಹಾಕಿ ಜನರನ್ನು ಒಳಗೆ ತುಂಬಿದ್ದರು. ತೊಲೆಗಳ ಮೇಲೆ ಹತ್ತಿಯ ಎಳೆ ಮುದುಕರ ಗಡ್ಡದ ಹಾಗೆ ಇನ್ನೂ ಜೋತಾಡುತ್ತಿತ್ತು. ಹಿಂದೆ ದೊಡ್ಡ ಬಾಗಿಲು, ಅದರ ಮೇಲೆ ಹಲಗೆಯ ಅಟ್ಟ, ಅಟ್ಟದಲ್ಲಿ ಚಿತ್ರ ಬಿಡುವ ಯಂತ್ರ. ಮುಂದೆ ತೆರೆ, ತೆರೆಯ ಬದಿಗೆ ಹಿಂದೊಮ್ಮೆ ಅಂಡಿಗೆ ಇಳಿಸುತ್ತಿದ್ದ ಸಣ್ಣ ಬಾಗಿಲು. ಕಿಟಕಿಗಳಿಗೆ ಗೋಣಿತಟ್ಟು ಬಡಿದು, ಆದಿತ್ಯವಾರ ಮಟಮಟ ಮಧ್ಯಾಹ್ನದಲ್ಲಿ ಕತ್ತಲೆ ತಯಾರಿಸಿ ಆಟ ತೋರಿಸುತ್ತಿದ್ದರು.

ನಾನಾಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಸಪ್ತಾಪುರದ ನನ್ನ ಕೋಣೆಯಿಂದ ಪ್ರತಿ ಆದಿತ್ಯವಾರ ಹೊರಟು ರೈಲಿನಲ್ಲಿ ಹುಬ್ಬಳ್ಳಿಗೆ ಬರುತ್ತಿದ್ದೆ. ಕಾಕಾನ ಪಕ್ಕ ಸ್ಟೂಲಿನ ಮೇಲೆ ಕೂತು, ಇಂಗ್ಲಿಷ್ ಬರಹವನ್ನು ಕನ್ನಡ ಮಾಡಿ ಅವನ ಕಿವಿಯಲ್ಲಿ ಉಸುರುವುದು ನನ್ನ ಕೆಲಸ. ನಾನು ಉಸುರಿದ್ದನ್ನು ಅವನು ಜನರಿಗೆ ಹೇಳಬೇಕು. ಮಾತಾಗಿದ್ದು ಹೀಗೆ. ನಡೆದದ್ದು ಮಾತ್ರ ಬೇರೆ!

ಆ ಯುದ್ಧದ ಚಿತ್ರದಲ್ಲಿ ಎಂಟು ಸಿಪಾಯಿಗಳ ಒಂದು ತುಕಡಿ. ತಮ್ಮ ದಂಡಿನಿಂದ ಅಗಲಿ, ವೈರಿಗಳ ನಡುವೆ ಸಿಕ್ಕಿಕೊಂಡು, ಒಂದು ಕಂದಕದಿಂದ ಇನ್ನೊಂದಕ್ಕೆ ತೆವಳುತ್ತ ಜೀವ ಉಳಿಸಿಕೊಳ್ಳಲು ಹೆಣಗುತ್ತಾರೆ. ಉಳಿಸಿಕೊಳ್ಳುವುದಿಲ್ಲ. ಒಬ್ಬೊಬ್ಬರಾಗಿ ಎಂಟೂ ಜನ ಸಾಯುತ್ತಾರೆ. ಎಂಟನೆಯವನು ಕೊನೆಯ ರೀಲಿನಲ್ಲಿ, ಇನ್ನೇನು ದಂಡು ಕೂಡಿಕೊಳ್ಳಬೇಕು ಎನ್ನುವಾಗ. ಮಾಲೀಕರು ನಮ್ಮಿಬ್ಬರಿಗೆ ಚಿತ್ರವನ್ನು ಮೊದಲೇ ಒಮ್ಮೆ ತೋರಿಸಿದ್ದರಿಂದ ನನಗೂ ಕಾಕಾನಿಗೂ ಇದು ಗೊತ್ತಿತ್ತು.

ಮೊದಲ ದೃಶ್ಯದಲ್ಲೇ ಕಾಕಾ ಎಂಟೂ ಜನರಿಗೆ ನಾಮಕರಣ ಮುಗಿಸಿದ. “ಈ ಸಣ್ಣ ಮೀಸಿಯಾಂವ ರಾಯಾಪುರದ ಯಲ್ಲಪ್ಪ. ಅವರವ್ವಗ ಒಬ್ಬನ ಮಗಾ. ಆ ದಪ್ಪನಾಂವ ತಾರಿಹಾಳದ ಹುಸೇನಸಾಬ!” ತಾರಿಹಾಳದಿಂದ ಬಂದವರು ಸಿಳ್ಳು ಹೊಡೆದರು.

“ಕಾಕಾ, ಅವರೆಲ್ಲಾ ಬಿಳೇ ಮಂದಿ!” ಎಂದು ನಾನು ಉಸುರಿದೆ.

“ಈ ಪಡದಾದ ಮ್ಯಾಲ ಎಮ್ಮಿ ಸುದ್ದಾ ಬೆಳ್ಳಗ ಕಾಣ್ತೈತಿ. ಸುಮ್ನ ಕೂಡು.”

ಹೊಡೆದಾಟ ಶುರುವಾಯಿತು. ಮೊದಲು ಬಿದ್ದವನು ಹುಸೇನಸಾಬ. ‘ವೀರನು ಪ್ರಾಣ ಕೊಟ್ಟನು’ ಎಂದು ಬರಹ ಬಂತು. ನಾನು ಪ್ರಾಮಾಣಿಕವಾಗಿ ಉಸುರಿದೆ. ಕಾಕಾ ಗಂಟಲೆತ್ತಿ, “ಹುಸೇನಸಾಬಗ ದಣಿವಾತು! ಒಂಚೂರು ಅಡ್ಡಾದಾ!” ಎಂದ.

“ಮಲಗ್ಲಿ ಬಿಡ್ರಿ, ಪಾಪ, ನಿದ್ದಿ ಇಲ್ಲ!” ಎಂದಿತು ತಾರಿಹಾಳ.

ಮುಂದಿನ ದೃಶ್ಯದಲ್ಲಿ ಅವನನ್ನು ಹೂಳಿದರು. ಈಗೇನು ಮಾಡುತ್ತಾನೋ ನೋಡೋಣ ಎಂದು ನನಗೆ ಒಳಗೊಳಗೆ ಖುಷಿ. ಮಣ್ಣು ಎಳೆದರು, ಮೇಲೊಂದು ಶಿಲುಬೆ ನೆಟ್ಟರು. ಕಾಕಾ ಕಣ್ಣು ಕೂಡ ಪಿಳುಕಿಸಲಿಲ್ಲ.

“ಆ ದೇಶದಾಗ ಥಂಡಿ ಭಾಳ. ಮಣ್ಣು ಹೊಚ್ಚಿ ಬೆಚ್ಚಗ ಮಲಗಿಸ್ಯಾರ. ಗುರ್ತಿಗೆ ಒಂದು ಕೋಲು ನೆಟ್ಟಾರ, ಮುಂಜಾನಿ ಎಬ್ಬಸಾಕ ಬೇಕಲ್ಲ!”

ಜನ ತಲೆದೂಗಿದರು! ಆದರೆ ಎಲ್ಲ ಊರಲ್ಲೂ ಒಬ್ಬ ಲೆಕ್ಕದ ಮನುಷ್ಯ ಇರುತ್ತಾನಷ್ಟೆ. ಹಿಂದಿನಿಂದ ಒಂದು ದನಿ ಬಂತು: “ಕಾಕಾ, ಎಂಟು ಮಂದಿ ಇದ್ರು, ಈಗ ಐದ ಮಂದಿ ಕಾಣ್ತಾರ. ಉಳದಾವ್ರು ಎಲ್ಲಿ?”

“ರಜಾ ಮ್ಯಾಲ ಹೋದ್ರು. ಸುಗ್ಗಿ ಬಂದೈತಿ. ಅವರ ಜ್ವಾಳ ಕೊಯ್ಯಾವ್ರ್ಯಾರು, ನಿಮ್ಮಪ್ಪ?”

ಕವಾಯತಿನ ದೃಶ್ಯ ಬಂದರಂತೂ ಕೇಳಲೇಬೇಡಿ. “ಎಡಾ! ಬಲಾ!” ಎಂದು ಕಾಕಾ ಬೆತ್ತ ಬಡಿಯುವುದು, ಕೂತ ಜನವೆಲ್ಲ ಎದ್ದು ಕಾಲು ಬಡಿಯುವುದು, ತೊಲೆಯ ಮೇಲಿನ ಹತ್ತಿ ಎಲ್ಲರ ತಲೆಯ ಮೇಲೆ ಉದುರುವುದು. ಆಟ ಮುಗಿದಾಗ ಎಲ್ಲರೂ ಒಂದೇ ದಿನದಲ್ಲಿ ತಲೆ ನೆರೆತವರ ಹಾಗೆ ಮನೆಗೆ ಹೋಗುತ್ತಿದ್ದರು.

ನನಗೆ ಆಗ ಸತ್ಯದ ಹುಚ್ಚು. ಇಂಗ್ಲಿಷಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದೆ. ಹುಚ್ಚಿಗೆ ಬೇರೆ ಕಾರಣ ಬೇಕೆ? ಒಂದು ದಿನ ತಡೆಯದೆ ಕೇಳಿಯೇಬಿಟ್ಟೆ: “ಯಾಕ ಸುಳ್ಳು ಹೇಳ್ತಿ ಕಾಕಾ? ಇದ್ದದ್ದು ಇದ್ದಾಂಗ ಹೇಳಬಾರ್ದೇನು?”

ಕಾಕಾ ತಂಬಾಕು ತಿಕ್ಕುತ್ತ ಕೂತಿದ್ದ. ಅವನ ಖಾಕಿ ಕೋಟು ನೋಡಿ ಜನ ಅವನು ಬಸರಾದಲ್ಲಿ ಕಾದಾಡಿ ಬಂದವನೆಂದು ತಿಳಿದಿದ್ದರು. ನಿಜವೆಂದರೆ ಅವನು ರೈಲಿನಲ್ಲಿ ಇಲ್ಲೇ ಹತ್ತಿರದ ಲೋಂಡಾ ಸ್ಟೇಶನ್ ಕೂಡ ದಾಟಿದವನಲ್ಲ. ಯುದ್ಧದ ವರ್ಷಗಳಲ್ಲಿ ಅವನು ಅಂಚೆ ಕಚೇರಿಯ ತಾರು, ಅಂದರೆ ತಂತಿ ಸುದ್ದಿ, ಹಂಚುವ ಕೆಲಸದಲ್ಲಿದ್ದ. ಸುತ್ತಲ ಹಳ್ಳಿಗಳಿಗೆ ನಡೆದು ಹೋಗಿ, ತಾರು ಕೊಟ್ಟು, ಓದು ಬಾರದವರಿಗೆ ಓದಿಯೂ ಹೇಳುತ್ತಿದ್ದ.

“ಇದ್ದದ್ದು ಇದ್ದಾಂಗ ಭಾಳ ಮನೀ ಮುಂದ ಓದಿ ಹೇಳೇನಿ ತಮ್ಮಾ,” ಎಂದ. “ಸಾಕಾಗೇತಿ.”

ತಂಬಾಕು ಬಾಯಿಗೆ ಹಾಕಿಕೊಂಡ. ಅಲ್ಲಿಗೆ ಚರ್ಚೆ ಮುಗಿಯಿತು. ಆದರೂ ನನಗೆ ಅದು ಉತ್ತರವೆನಿಸಲಿಲ್ಲ. ಸುಳ್ಳು ಸುಳ್ಳೇ ಅಲ್ಲವೆ?

ಆ ಚಿತ್ರದ ಮೂರನೆಯ ಆದಿತ್ಯವಾರ. ಕೊನೆಯದರ ಹಿಂದಿನ ರೀಲು ನಡೆದಿತ್ತು. ಏಳು ಜನ ‘ರಜೆ’ಯ ಮೇಲೆ ಹೋಗಿದ್ದರು. ಯಲ್ಲಪ್ಪನೊಬ್ಬ ಕೆಸರಿನಲ್ಲಿ ತೆವಳುತ್ತಿದ್ದ. ಇದ್ದಕ್ಕಿದ್ದಂತೆ ಅವನ ಮುಖದ ಮೇಲೊಂದು ಕಂದು ಕಲೆ ಮೂಡಿ ಹರಡಿತು; ತೆರೆ ಕತ್ತಲಾಯಿತು. ಚಿತ್ರ ಹರಿಯುವುದು ದಿನದ ಮಾತು. ಯಂತ್ರದವನು ಅಂಟಿಸುವ ತನಕ ಜನ ಸಿಳ್ಳು ಹಾಕುತ್ತ ಕೂಡುತ್ತಿದ್ದರು. ಅಂದೂ ಸಿಳ್ಳು ಹಾಕಿದರು. ನಾನು ಸುಮ್ಮನೆ ಹಿಂದಕ್ಕೆ ನೋಡಿದೆ.

ಅಟ್ಟ ಉರಿಯುತ್ತಿತ್ತು. ಯಂತ್ರದವನು ಹೊರಗಿನ ಏಣಿಯಿಂದ ಆಗಲೇ ಜಿಗಿದಿದ್ದ. ಬೆಂಕಿ ತೊಲೆಯ ಮೇಲಿನ ಹತ್ತಿಯ ಎಳೆ ಹಿಡಿದು, ಅವಸರವಿಲ್ಲದೆ, ಜನರ ತಲೆಯ ಮೇಲೆ ಮುಂದೆ ಬರುತ್ತಿತ್ತು. ಮುನ್ನೂರು ಜನರಿಗೆ ಗೊತ್ತಿದ್ದ ಒಂದೇ ಬಾಗಿಲು ಆ ಅಟ್ಟದ ಕೆಳಗಿತ್ತು. ‘ಬೆಂಕಿ’ ಎಂದರೆ ಎಲ್ಲರೂ ಓಡುವುದು ಅಲ್ಲಿಗೇ. ಈ ತರ್ಕವೆಲ್ಲ ನನಗೆ ಆಮೇಲೆ ಹೊಳೆದದ್ದು. ಆಗ ಹೊಳೆದದ್ದು ಕೂಗುವುದು ಮಾತ್ರ. ಬಾಯಿ ತೆರೆದೆ.

ಬಾಯಿಯ ಮೇಲೆ ಕಾಕಾನ ಅಂಗೈ ಬಂತು.

“ಸಣ್ಣ ಬಾಗಲಾ ತಗಿ,” ಎಂದು ಕಿವಿಯಲ್ಲಿ ಉಸುರಿದ. ಆಮೇಲೆ ಜನರ ಕಡೆ ತಿರುಗಿ, ಏನೂ ಆಗಿಲ್ಲದವನಂತೆ, ಬೆತ್ತ ಬಡಿದ.

“ಕೇಳ್ರೀ! ಯಲ್ಲಪ್ಪಗ ಹುಕುಂ ಬಂತು! ಒಬ್ಬನ ಹ್ಯಾಂಗ ಹೋಗ್ತಾನ? ಇವತ್ತ ನೀವ ಅವನ ತುಕಡಿ. ಏಳ್ರಿ! ಮುಂದಿನವರ ಹೆಗಲಿಗೆ ಕೈ ಹಚ್ರಿ! ಹಿಂದ ಹೊಳ್ಳಿ ನೋಡಿದಾಂವ ವೈರಿ ಕಡಿಯಾಂವ! ನಿಂತಲ್ಲೆ ನಿಂತ, ಎಡಾ! ಬಲಾ!”

ಎದ್ದರು! ಕಾಲು ಬಡಿಯತೊಡಗಿದರು! ನಾನು ಸಣ್ಣ ಬಾಗಿಲಿಗೆ ಓಡಿದೆ. ಚಿಲಕ ತುಕ್ಕು ಹಿಡಿದಿತ್ತು. ಜಗ್ಗಿದೆ, ಒದ್ದೆ, ಸ್ಟೂಲು ತಂದು ಬಡಿದೆ. ಬೆನ್ನ ಹಿಂದೆ ಮುನ್ನೂರು ಜನ ನಿಂತಲ್ಲೇ ಕವಾಯತು ಮಾಡುತ್ತಿದ್ದರು.

“ಏನ್ ಛಲೋ ಸಿನೆಮಾರೀ! ಹೊಗಿ ವಾಸನಿ ಸುದ್ದಾ ಬರಾಕತ್ತೈತಿ!” ಎಂದ ಒಬ್ಬ.

“ಸೆಕಿನೂ ಆಗಾಕತ್ತೈತಿ ನೋಡ್ರಿ! ಖರೇ ಯುದ್ಧದ ಹಾಂಗ!” ಎಂದ ಇನ್ನೊಬ್ಬ, ಕೆಮ್ಮುತ್ತ.

ನಾನೊಮ್ಮೆ ಹಿಂದಿರುಗಿ ನೋಡಿದೆ. ಆ ಗೋದಾಮಿನಲ್ಲಿ ಬೆಂಕಿಗೆ ಮುಖ ಮಾಡಿ ನಿಂತವನು ಕಾಕಾ ಒಬ್ಬನೇ. ಅವನ ಚಾಳೀಸಿನ ಎರಡೂ ಗಾಜಿನಲ್ಲಿ ಉರಿ ಕುಣಿಯುತ್ತಿತ್ತು. ಕೆಳಗೆ ಬಾಯಿ ಮಾತ್ರ ತನ್ನ ಪಾಡಿಗೆ “ಎಡಾ, ಬಲಾ” ಎನ್ನುತ್ತಿತ್ತು. ಇಪ್ಪತ್ತು ವರ್ಷವಾಯಿತು, ನನಗೆ ಅದು ಇನ್ನೂ ಕಾಣುತ್ತದೆ. ಈಗ ಮಾತಾಡುವ ಚಿತ್ರ ನೋಡಲು ಹೋದರೂ ನಾನು ಹೊರಳಿ ಬಾಗಿಲು ನೋಡುತ್ತ ಕೂಡುತ್ತೇನೆ. “ಸಿನೆಮಾ ಆ ಕಡೆ ಐತ್ರೀ,” ಎಂದು ಹೆಂಡತಿ ನನ್ನ ಕುತ್ತಿಗೆ ತಿರುಗಿಸುತ್ತಾಳೆ.

ಚಿಲಕ ಕಿತ್ತು ಬಂತು. ಬಿಸಿಲು ಒಳಗೆ ಬಿತ್ತು.

“ಹೆಣ್ಮಕ್ಕಳು ಮೊದ್ಲ! ಸಾಲು ಮುರೀಬ್ಯಾಡ್ರಿ! ಎಡಾ! ಬಲಾ!”

ಹೆಗಲ ಮೇಲೆ ಕೈಯಿಟ್ಟು, ಬಿಸಿಲಿಗೆ ಕಣ್ಣು ಕಿವುಚುತ್ತ, ಮುನ್ನೂರು ಜನ ಹೊರಗೆ ಬಂದರು. ಲೆಕ್ಕದ ಮನುಷ್ಯನಂತೂ ರಸ್ತೆ ದಾಟಿದ ಮೇಲೂ ಕಾಲು ಬಡಿಯುತ್ತಿದ್ದ. ಕೊನೆಗೆ ಬಂದವನು ಕಾಕಾ. ಅವನ ಬೆನ್ನ ಹಿಂದೆ ಮಾಡು ಕುಸಿಯಿತು. ಆಗ ಎಲ್ಲರೂ ಹೊರಳಿ ನೋಡಿದರು. ಆಗ ಅಳು ಎದ್ದಿತು. ಒಳಗೆ ಯಾರೂ ಉಳಿದಿರಲಿಲ್ಲ.

ಕಾಕಾ ಒಂದು ಕಲ್ಲಿನ ಮೇಲೆ ಕೂತ. ಉರಿವ ಹತ್ತಿ ಬಿದ್ದು ಅವನ ಒಂದು ಕೈ ಸುಟ್ಟಿತ್ತು. ನೀರು ಕುಡಿಸಿದೆ. ಏನೋ ಹೇಳಲು ಹೋದ, ದನಿ ಬರಲಿಲ್ಲ. ಹೊಗೆ ಅವನ ಗಂಟಲನ್ನು ಪೂರ್ತಿ ಒಣಗಿಸಿತ್ತು.

ಅಷ್ಟರಲ್ಲಿ ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಬಂದಳು. ಸೆರಗೆಲ್ಲ ಮಸಿ. ಬೆಂಕಿಯ ಸುದ್ದಿ ಅವಳಿಗೆ ಬೇಕಿರಲಿಲ್ಲ. “ಯಪ್ಪಾ, ಯಲ್ಲಪ್ಪ ಏನಾದಾ?” ಎಂದು ಕಾಕಾನನ್ನು ಕೇಳಿದಳು. ಕಾಕಾ ಬಾಯಿ ತೆರೆದ. ಬರೀ ಗಾಳಿ ಬಂತು. ಅವಳು ನನ್ನ ಕಡೆ ತಿರುಗಿದಳು.

“ನೀ ಇಂಗ್ಲಿಷ್ ಕಲ್ತಾಂವ. ನೀ ಖರೇ ಹೇಳು ತಮ್ಮಾ. ಆ ಹುಡುಗ ಮನಿ ಮುಟ್ಟಿದ್ನೋ ಇಲ್ಲೋ?”

ಕೊನೆಯ ರೀಲು ನಮ್ಮೆದುರೇ ಉರಿಯುತ್ತಿತ್ತು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು.

“ಮುಟ್ಟಿದಾ, ಆಯಿ,” ಎಂದೆ.

“ಅವರವ್ವ ಇದ್ಳೇನು?”

“ಇದ್ಳು. ಬಾಗಲದಾಗ ಕುಂತಿದ್ಳು.”

“ಉಂಡನೇನು, ಬಂದಾಂವ?”

“ಉಂಡಾ, ಆಯಿ. ಎರಡು ರೊಟ್ಟಿ...”

ನನ್ನ ಅಂಗಿಯ ತೋಳು ಜಗ್ಗಿದಂತಾಯಿತು. ಕಾಕಾ. ಸಿಟ್ಟಿನಿಂದ ತಲೆಯಾಡಿಸುತ್ತ, ಸುಟ್ಟ ಕೈಯೆತ್ತಿ ನಾಲ್ಕು ಬೆರಳು ತೋರಿಸಿದ.

“ನಾಲ್ಕು, ಆಯಿ,” ಎಂದೆ. “ನಾಲ್ಕು ರೊಟ್ಟಿ ಉಂಡಾ.”