ಪಷೆದುವಿಗೆ ಚೇಳು ಕಚ್ಚಿದ ದಿನ

ಒಂದು ಕತ್ತೆಯ ಬೆಲೆ ಮೂರು ತಿಂಗಳ ಕೂಲಿಯ ಗೋಧಿ, ಒಂದು ಹೋರಿಯ ಬೆಲೆ ಇಡೀ ವರ್ಷದ್ದು. ಹೀಗಾಗಿ ಗೋರಿ ಕೊರೆಯುವ ಪಷೆದು ಹೋರಿ ಮಾಂಸವನ್ನು ಗೋರಿಯ ಗೋಡೆಯ ಚಿತ್ರಗಳಲ್ಲಿ ಮಾತ್ರ ಕಂಡಿದ್ದ.

ಫೇರೋ ಪಟ್ಟಕ್ಕೆ ಬಂದು ಮೂವತ್ತು ವರ್ಷ ತುಂಬಿತ್ತು. ಆ ಹಬ್ಬಕ್ಕೆ ನೈಲ್ ದಂಡೆಯಲ್ಲಿ ಬಂದವರಿಗೆಲ್ಲ ಹೋರಿ ಮಾಂಸ ಹಂಚುತ್ತಾರೆಂದು ಡಂಗುರ ಸಾರಿದರು. ನಾಡು ಎಷ್ಟು ಸಮೃದ್ಧವಾಗಿತ್ತೆಂದರೆ ಕಣಜದ ಇಲಿಗಳಿಗೂ ಬೊಜ್ಜು ಬಂದಿತ್ತು. ಆದರೆ ಫೇರೋನ ಗೋರಿ ಕೊರೆಯುವವರಿಗೆ ರಜೆಯಿಲ್ಲ. ಕಾಯಿಲೆ ಬಿದ್ದರೆ, ಚೇಳು ಕಚ್ಚಿದರೆ ಮಾತ್ರ ಉಂಟು.

ಹಬ್ಬದ ದಿನ ಬೆಳಿಗ್ಗೆ ಹಾಜರಿ ಬರೆಯುವ ಕೆನ್ನ ಬಂದಾಗ ಪಷೆದು ಪಾದ ಹಿಡಿದು ನರಳಿದ. ಕೆನ್ನ ಮಡಕೆ ಚೂರಿನ ಮೇಲೆ 'ಚೇಳು' ಎಂದು ಗೀಚಿ ಹೋದ. ಹೋಗುತ್ತಾ ಬೀದಿಗೆಲ್ಲ ಹೇಳಿದ.

ಪಷೆದು ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಮನೆಯ ತಬೆಸ್ ಅಜ್ಜಿ ಒಳಗೆ ಬಂದಳು. "ಕುಡಿಯಪ್ಪಾ, ಬಿಯರಲ್ಲಿ ಈರುಳ್ಳಿ ಅರೆದು ತಂದಿದೀನಿ. ವಾಂತಿಯಾದ್ರೆ ಬದುಕ್ತೀಯ."

ಬದುಕಿದ, ಎರಡು ಸಲ. ಎದುರು ಮನೆಯವನು ಕಾಲಿಗೆ ಹಿಪ್ಪೊ ಕೊಬ್ಬು ಬಳಿದು, ಹಗ್ಗ ಬಿಗಿದ. ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

"ತಲೆನೋವು ಅಂದಿದ್ರೆ ಆಗ್ತಿರ್ಲಿಲ್ವಾ?" ಹೆಂಡತಿ ತಕಾರ್ ಕಿವಿಯಲ್ಲಿ ಉಸುರಿದಳು.

"ಅಷ್ಟು ಬುದ್ಧಿಯಿದ್ದಿದ್ರೆ ನನ್ನ ಗೋರೀನೇ ಬೇರೆಯವರು ಕೊರೀತಿದ್ರು ಕಣೇ."

ಕೊನೆಗೆ ಊರಿನ ಚೇಳು ಮಂತ್ರವಾದಿ, ಮುದುಕ ಮಿನ್ಮೊಸೆ, ಚೇಳು ಹಿಡಿದಿಡುವ ಬುಟ್ಟಿ ಹೆಗಲಿಗೆ ಹಾಕಿ, ಕೋಲೂರಿಕೊಂಡು ಬಂದ. ಪಾದ ತಿರುಗಿಸಿ ನೋಡಿದ. "ಗಾಯ ಎಲ್ಲಿ?"

"ಮಾಯವಾಯ್ತು ಯಜಮಾನ್ರೇ."

"ನೋವು?"

"ಅದೂ ಹೋಯ್ತು. ಒಂಚೂರು ನದಿ ಕಡೆ ಗಾಳಿಗೆ ಹೋಗಿಬಂದ್ರೆ ಪೂರ್ತಿ ವಾಸಿ."

ಮಿನ್ಮೊಸೆ ಎದ್ದು ನಿಂತು ನೆರೆದವರಿಗೆ ಕೈಮುಗಿದ. "ಚೇಳುದೇವಿ ಸೆರ್ಕೆತ್ ಇವನ ಮೈಮೇಲೆ ಕೈಯಿಟ್ಟಿದಾಳೆ. ವಿಷ ಏರದ ಮೈ. ಇಂಥವನಿಗಾಗಿ ನಲವತ್ತು ವರ್ಷ ಕಾದಿದ್ದೆ. ಇನ್ನು ಮೇಲೆ ಊರಿನ ಚೇಳು ಹಿಡಿಯೋನು ಇವನೇ." ಜನ ಉಘೇ ಎಂದರು. ಅಜ್ಜಿ ಪಷೆದುವಿನ ಪಾದಕ್ಕೆ ಬಿದ್ದಳು.

ಎಲ್ಲರೂ ಹೊರಗೆ ಹೋದ ಮೇಲೆ ಮುದುಕ ಚೇಳಿನ ಬುಟ್ಟಿಯನ್ನು ಅವನ ಮಡಿಲಲ್ಲಿಟ್ಟ. ಬುಟ್ಟಿಯೊಳಗೆ ಏನೋ ಸರಸರ ಓಡಾಡಿತು.

"ಯಜಮಾನ್ರೇ, ನಿಜ ಹೇಳಿಬಿಡ್ತೀನಿ..."

"ಬೇಡ. ಕೆನ್ನನಿಗೆ ಗೊತ್ತಾದ್ರೆ ನೂರು ಛಡಿಯೇಟು." ಮುದುಕ ದನಿ ತಗ್ಗಿಸಿದ. "ಹಿಂದಿನ ದೊರೆ ಹಬ್ಬಕ್ಕೆ ನನಗೂ ಹಿಂಗೇ ಕಚ್ಚಿತ್ತು. ನನ್ನ ಕೈಗೂ ಹಿಂಗೇ ಬುಟ್ಟಿ ಕೊಟ್ರು. ಬುಟ್ಟಿ ಹಿಡಿದವನು ಊರು ಬಿಡೋ ಹಾಗಿಲ್ಲ. ಅವತ್ತಿಂದ ಒಂದು ಹಬ್ಬವನ್ನೂ ನೋಡಿಲ್ಲ." ಬಾಗಿಲ ಬಳಿಯಿದ್ದ ಪಷೆದುವಿನ ಚಪ್ಪಲಿ ಮೆಟ್ಟಿಕೊಂಡು, ಕೋಲು ಅಲ್ಲೇ ಬಿಟ್ಟು, ಅವನು ನದಿಯ ಕಡೆ ಹೊರಟ.

ಹೊಸ ಕೆಲಸಕ್ಕೆ ಪಷೆದುವಿಗೆ ದಕ್ಕಿದ್ದು ತಿಂಗಳಿಗೆ ಅರ್ಧ ಮೂಟೆ ಹೆಚ್ಚು ಗೋಧಿ, ಬುಟ್ಟಿಯೊಳಗಿನ ಏಳು ಚೇಳು. ಕಳೆದುಕೊಂಡದ್ದು ಮಾಂಸ.