ಫಾದರ್‌ಗೆ ಶಾಲು ಹೊದಿಸಲು ಹೋದದ್ದು

ನವಿ ಮುಂಬಯಿಯ ನಮ್ಮ ಸಾನಪಾಡಾದ ಕನ್ನಡ ಸಂಘ ಯಾರನ್ನು ಸನ್ಮಾನಿಸಲು ಹೊರಟರೂ ಏನಾದರೊಂದು ಆಗಿಯೇ ತೀರುತ್ತದೆ. ಒಮ್ಮೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆಯುಷ್ಯ ಸವೆಸಿ ಇಲ್ಲೇ ಹತ್ತಿರದ ಕೋಪರಿಯಲ್ಲಿ ಚರ್ಚು ನಡೆಸುವ ನಿವೃತ್ತರ ಮನೆಗೆ ಬಂದಿದ್ದ ಒಬ್ಬ ಫಾದರ್ ಮತ್ತು ಒಬ್ಬ ನರ್ಸ್ ಸಿಸ್ಟರ್ ಸಿಕ್ಕರು. ದೇವರನ್ನು ನಂಬದವನು ಯಾವ ಕಡೆಗೂ ವಾಲುವುದಿಲ್ಲವೆಂದು ಓಡಾಟ ನನಗೆ ಬಿತ್ತು.

ಆಮಂತ್ರಣ

ಫಾದರ್ ಮುಖ ಗಂಟಿಕ್ಕಿದರು. “ಇಲ್ಲಿ ಗಂಟಿ ಬಾರ್ಸೂ ಕೆಲಸಾನೂ ಕಸ್ಗೊಂಡಾರ. ನೀವು ಶಾಲು ಹೊಚ್ಚಿದ್ರ ಮುಗೀತು, ಇನ್ನ ಯಾರೂ ಕೆಲಸ ಕೊಡಂಗಿಲ್ಲ.”

“ಹಾಗಾದರೆ ಬರುವುದಿಲ್ಲವೇ?”

“ಬರಬೇಕಾಗ್ತದ. ಸಿಸ್ಟರ್ ಒಬ್ಬರ ಬಂದ್ರ ನಿಮ್ಮ ಸಭಾ ದವಾಖಾನಿ ಆಗ್ತದ.”

‘ಸಂತೋಷದಿಂದ ಒಪ್ಪಿದ್ದಾರೆ’ ಎಂದು ಅಧ್ಯಕ್ಷರಿಗೆ ಫೋನ್ ಮಾಡಿದೆ.

ನಾಡಿ

ಅಧ್ಯಕ್ಷರು ಉಡುಪಿ ಕಡೆಯವರು, ಹೋಟೆಲ್ ಮಾಲೀಕರು. ಸಭೆಯ ದಿನ ಇಬ್ಬರನ್ನೂ ಕರೆದೊಯ್ಯಲು ನನ್ನ ಜೊತೆ ಕೋಪರಿಗೆ ಬಂದು, ಸಿಸ್ಟರ್ ಎದುರು ಕೈ ಮುಗಿದು “ನಿಮ್ಮ ಸೇವೆ ಉಂಟಲ್ಲ ಸಿಸ್ಟರ್, ಅದು...” ಎಂದು ಶುರುಮಾಡಿದರು. ಸಿಸ್ಟರ್ ಆ ಮುಗಿದ ಕೈಯನ್ನೇ ಹಿಡಿದು ನಾಡಿ ನೋಡಿದರು.

“ಮಾತು ಸಾಕು. ನಾಲಿಗೆ ತೋರಿಸಿ.”

ತೋರಿಸಿದರು. ಅವರ ಭಾಷಣ ಅರ್ಧಕ್ಕೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಾರಿನಲ್ಲಿ

ಸುಮ್ಮನಿರಲಾರದೆ ಕೇಳಿದೆ: “ಫಾದರ್, ಎಷ್ಟು ಜನರ ಮನಸ್ಸು ಬದಲಾಯಿಸಿದಿರಿ?”

“ನಮ್ಮ ಅಡಗಿಯವಗ ಸಾರಿಗೆ ಸಕ್ಕರಿ ಹಾಕಬ್ಯಾಡ ಅಂತ ಬಂದಾಗಿಂದ ಹೇಳಾಕತ್ತೀನಿ. ಕೇಳವಲ್ಲ. ನೀವು ಓದಿದವರು, ಒಮ್ಮೆ ಹೇಳಿ ನೋಡ್ರಿ.”

ಸಭೆ

ಅಧ್ಯಕ್ಷರು ಶಾಲು ಹಿಡಿದು ಬಗ್ಗಿದರು. ಯಾರಾದರೂ ಹತ್ತಿರ ಬಗ್ಗಿದರೆ ಪಾಪನಿವೇದನೆ ಕೇಳುವುದು ಫಾದರ್‌ಗೆ ಜೀವಮಾನದ ಅಭ್ಯಾಸ. ಕಣ್ಣು ಮುಚ್ಚಿ ಕಿವಿ ಕೊಟ್ಟರು. ಕೊಟ್ಟ ಕಿವಿಯನ್ನು ಖಾಲಿ ಬಿಡುವುದು ಸರಿಯಲ್ಲ ಎನಿಸಿತೇನೋ, ಅಧ್ಯಕ್ಷರು ಏನೋ ಪಿಸುಗುಟ್ಟಿದರು. ಫಾದರ್ ತಲೆಯಾಡಿಸಿದರು. ಅಧ್ಯಕ್ಷರು ಮುಂದುವರಿಸಿದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಕುರ್ಚಿಯ ತುದಿಗೆ ಬಂದರು. ಸಿಸ್ಟರ್ ಎದ್ದು ಮೈಕ್ ಆಫ್ ಮಾಡಿದರು.

ಕೊನೆಗೆ ಅಧ್ಯಕ್ಷರು ಕಣ್ಣೊರೆಸಿಕೊಂಡು, ಶಾಲನ್ನು ತಾವೇ ಹೊದ್ದು ಕೆಳಗಿಳಿದರು. ಹಾರ ಹಿಡಿದಿದ್ದ ಖಜಾಂಚಿ ಬಗ್ಗಿದರು. ಅವರದು ಇನ್ನೂ ಉದ್ದ. ಅವರ ಹಿಂದೆ ಇಡೀ ಕಮಿಟಿ ನಿಂತಿತ್ತು.

ನಾನು ವೇದಿಕೆ ಹತ್ತಿ, “ಫಾದರ್, ಊಟ ಆರುತ್ತಿದೆ” ಎಂದೆ.

ಕೋಪರಿಯಲ್ಲಿ ಗಂಟಿಕ್ಕಿದ್ದ ಆ ಮುಖ ಈಗ ಹಬ್ಬದ ಹಾಗಿತ್ತು. ಒಂದು ಕಣ್ಣು ತೆರೆದು ಹೇಳಿದರು:

“ಕೆಲಸದಾಗ ಅದೀನಿ. ನಿಮ್ಮದೂ ಏನರ ಇದ್ರ ಹಿಂದ ಪಾಳಿ ಹಚ್ರಿ.”